ನೋಡೋ ಕಾಡು, ನೋಡಿಕೊಳ್ಳೋ ಕಾಡು

ಈ ಶನಿವಾರ ಮಾಕಳಿದುರ್ಗ ಹತ್ತಬೇಕು ಅಂದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ‘ಅರಣ್ಯ ವಿಹಾರ’ ತೆರೆಯಬೇಕು, ಬೆಟ್ಟ ಆರಿಸಬೇಕು, ದಿನ ಆರಿಸಬೇಕು, ಗುರುತಿನ ಚೀಟಿಯ ವಿವರ ತುಂಬಿ ದುಡ್ಡು ಕಟ್ಟಬೇಕು. ಫೋನಿಗೆ ಟಿಕೆಟ್ಟು ಬರುತ್ತೆ. ಹೊಟ್ಟೆಪಾಡಿಗೆ ಇಂಥವೇ ಪುಟಗಳನ್ನು ವಿನ್ಯಾಸ ಮಾಡುವವಳು ನಾನು. ಹಾಗಾಗಿ ಯಾವ ಪುಟ ತೆರೆದರೂ ಒಂದು ಪ್ರಶ್ನೆ ತಾನಾಗೇ ತಲೆಗೆ ಬರುತ್ತೆ: ಇದನ್ನು ಮಾಡಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು? ಪ್ರತಿ ಆ್ಯಪಿನ ಹಿಂದೆಯೂ ಒಬ್ಬ ಊಹೆಯ ಮನುಷ್ಯ ಇರುತ್ತಾನೆ. ಅವನಿಗೆ ನಾವು ಆಫೀಸಿನಲ್ಲಿ ವಯಸ್ಸು, ಸಂಬಳ, ಸಿಟ್ಟು ಎಲ್ಲ ಕೊಟ್ಟು ಗೋಡೆಗೆ ಅಂಟಿಸಿರುತ್ತೇವೆ. ಕಾಡಿನ ಈ ಪುಟದ ಹಿಂದೆ ಇರುವ ಮನುಷ್ಯ ಬೆಳಿಗ್ಗೆ ಬಂದು ಸಂಜೆಯೊಳಗೆ ಇಳಿದು ಹೋಗುವವನು. ಮತ್ತೆ ಬಂದರೂ ಹೊಸಬನಾಗಿಯೇ ಬರುವವನು. ಇದ್ದಷ್ಟು ಹೊತ್ತು ಅವನಿಂದ ಕಾಡಿಗೆ ಏನೂ ಆಗದೆ ಇದ್ದರೆ ಸಾಕು ಅನ್ನುವುದು ಆ ಪುಟದ ಆಸೆ.

ಕನ್ನಡದಲ್ಲಿ ನೋಡೋದು ಬೇರೆ, ನೋಡಿಕೊಳ್ಳೋದು ಬೇರೆ. ಬಾಣಂತಿ ಮನೆಗೆ ಮಗು ನೋಡೋಕೆ ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಮಗು ನೋಡಿಕೊಳ್ಳೋಕೆ ಬಂದವರ ಕೈಗೆ ಒಗೆಯೋ ಬಟ್ಟೆ ಕೊಡುತ್ತಾರೆ. ಬೆಂಗಳೂರಿನ ಸುತ್ತಮುತ್ತ ಇರುವ ಸಾರ್ವಜನಿಕ ಕಾಡುಗಳ ಬಗ್ಗೆ ನನ್ನ ತಕರಾರು ಇಷ್ಟು: ಅಲ್ಲಿ ನಮಗೆಲ್ಲ ಕಾಫಿ ಕೊಟ್ಟು ಕಳಿಸೋ ವ್ಯವಸ್ಥೆ ದಿನೇ ದಿನೇ ಚೆನ್ನಾಗುತ್ತಿದೆ. ಬಟ್ಟೆ ಕೊಡುವವರು ಯಾರೂ ಇಲ್ಲ. ಕೇಳುವವರೂ ಇಲ್ಲ.

ಮೊದಲು ಸರ್ಕಾರದ ಪರವಾಗಿ ಒಂದು ಮಾತು, ಯಾಕಂದರೆ ಟಿಕೆಟ್ ಬಂದಾಗ ‘ಬೆಟ್ಟಕ್ಕೂ ದುಡ್ಡಾ’ ಅಂತ ಕೂಗಿದವರ ಗುಂಪಿನಲ್ಲಿ ನಾನಿಲ್ಲ. 2024ರ ಜನವರಿ 26ರ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದ ಫೋಟೋ ನೀವೂ ನೋಡಿರುತ್ತೀರಿ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಂ ಎತ್ತಿ ಬೆಟ್ಟದ ಮೇಲೆ ಇಟ್ಟ ಹಾಗಿತ್ತು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನೋ ಮಿತಿಯೂ ಬಂತು. ಒಳ್ಳೆಯದೇ ಆಯಿತು. ಮಿತಿ ಇಲ್ಲದಿದ್ದರೆ ನಾವು ಏನು ಮಾಡುತ್ತೇವೆ ಅಂತ ನೋಡಬೇಕಾದರೆ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ನಿಂತರೆ ಸಾಕು.

ಆದರೆ 300 ಅನ್ನುವುದು ಸೀಟಿನ ಲೆಕ್ಕ. ಚಿತ್ರಮಂದಿರಕ್ಕೂ ಅಂಥ ಲೆಕ್ಕ ಇರುತ್ತೆ. ಕಾಡನ್ನು ಪ್ರದರ್ಶನ ಅಂತ ಅಂದುಕೊಂಡರೆ ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ ಕೂರಬಹುದು’ ಅನ್ನೋದೊಂದೇ.

ನಮ್ಮಮ್ಮನ ಊರು ಕುಂದಾಣ. ದೇವನಹಳ್ಳಿಯಿಂದ ಪಶ್ಚಿಮಕ್ಕೆ, ದೊಡ್ಡಬಳ್ಳಾಪುರದ ಕಡೆಗೆ. ಹದಿಮೂರನೇ ಶತಮಾನದ ಕೊನೆಯಲ್ಲಿ ಹೊಯ್ಸಳ ರಾಮನಾಥ ಕಣ್ಣನೂರು ಬಿಟ್ಟು ಬಂದು ರಾಜ್ಯ ಆಳಿದ್ದು ಇಲ್ಲಿಂದ. ಅಣ್ಣ ನರಸಿಂಹ ಹಳೇಬೀಡಿನಲ್ಲಿ, ತಮ್ಮ ಇಲ್ಲಿ. ಈಗ ಇದೇ ಹೋಬಳಿಯ ಬೀರಸಂದ್ರದಲ್ಲಿ ಬೆಂಗಳೂರು ಗ್ರಾಮಾಂತರದ ಜಿಲ್ಲಾಡಳಿತ ಭವನ ಇದೆ. ರಾಜಧಾನಿ ಆಗಿದ್ದ ಊರಿಗೆ ಏಳುನೂರು ವರ್ಷ ಆದ ಮೇಲೆ ಡಿಸಿ ಆಫೀಸು ಹತ್ತಿರ ಬಂತು ಅಂತ ನಮ್ಮ ಮಾವ ತಮಾಷೆ ಮಾಡುತ್ತಾರೆ. ಮಧ್ಯದ ಅಷ್ಟೂ ಕಾಲ ಇಲ್ಲಿನ ಜನಕ್ಕೆ ಕಾಡು ಅಂದರೆ ಊರಾಚೆ ಇದ್ದ ಕುರುಚಲು ಗುಡ್ಡ, ಗೋಮಾಳ, ಮತ್ತೆ ಗುಂಡುತೋಪು.

ಗುಂಡುತೋಪು ಅಂದರೆ ಏನು ಅಂತ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳಿದರೆ ಅರ್ಧ ಜನ ರಿಯಲ್ ಎಸ್ಟೇಟ್ ಲೇಔಟಿನ ಹೆಸರು ಅಂದುಕೊಳ್ಳುತ್ತಾರೆ. ಹಳೇ ಮೈಸೂರು ಸೀಮೆಯಲ್ಲಿ ಊರಿಗೊಂದು ಇರುತ್ತಿದ್ದ ಸಾರ್ವಜನಿಕ ತೋಪು ಅದು. ಹುಣಸೆ, ಮಾವು, ನೇರಳೆ, ಹೊಂಗೆ, ಬೇವು, ಆಲ. ಕಂದಾಯದ ದಾಖಲೆಯಲ್ಲಿ ಈಗಲೂ ಅದೇ ಹೆಸರಿನಲ್ಲಿ ಇರುತ್ತೆ, ಯಾರ ಖಾತೆಗೂ ಹೋಗುವ ಹಾಗಿಲ್ಲ. ಹೋಗಿರುವುದು ಬೇರೆ ಕತೆ. ಹೊಂಗೆ ಸೊಪ್ಪು ಕಡಿದು ಗದ್ದೆಗೆ ತುಳಿಯುತ್ತಿದ್ದರು, ಬೀಜದಿಂದ ಎಣ್ಣೆ ತೆಗೆಯುತ್ತಿದ್ದರು. ಹುಣಸೆ ಫಸಲು ಹರಾಜಾಗುತ್ತಿತ್ತು. ಹರಾಜು ಹಿಡಿದವನು ಜನವರಿಯಿಂದ ಮರದ ಕೆಳಗೇ ಕಾವಲು. ಬೇಲಿ, ಬೋರ್ಡು, ಗೇಟು ಯಾವುದೂ ಇರಲಿಲ್ಲ. ಆದರೆ ಯಾವ ಮರದ ಯಾವ ಕೊಂಬೆ ಒಣಗಿದೆ ಅಂತ ಗೊತ್ತಿದ್ದ ಜನ ಇದ್ದರು, ಯಾಕಂದರೆ ಆ ಕೊಂಬೆಯ ಮೇಲೆ ಅವರ ಕಣ್ಣಿತ್ತು.

ಹೋದ ಸಲ ಊರಿಗೆ ಹೋದಾಗ ಸ್ಕಂದಗಿರಿ ಚಾರಣದ ಟಿಕೆಟ್ಟು ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು.

“ಬೆಟ್ಟ ಹತ್ತೋಕೆ ದುಡ್ಡು ಕೊಟ್ರಾ? ಸರಿ. ಬರ್ತಾ ಏನ್ ತಂದ್ರಿ?”

“ಏನೂ ತರಬಾರದು ಮಾವ.”

“ಓಗ್ಲಿ, ಅಲ್ಲೇನ್ ಮಾಡಿದ್ರಿ?”

“ಏನೂ ಮಾಡಬಾರದು. ಒಂದು ಎಲೆ ಕೂಡ ಕೀಳಬಾರದು.”

“ಮತ್ಯಾಕಮ್ಮ ಓಗಿದ್ದು?”

ನಾನು ಸೂರ್ಯೋದಯ, ಮಂಜು ಅಂತ ಏನೋ ಹೇಳಿದೆ. ಅವರು ಮರ್ಯಾದೆಗೆ ತಲೆಯಾಡಿಸಿದರು.

ಅವರ ಪ್ರಶ್ನೆಯನ್ನು ಹಳ್ಳಿಯವರ ಮುಗ್ಧತೆ ಅಂತ ನಕ್ಕು ಬಿಡಬಹುದು. ನನಗೆ ಅದು ಒಳ್ಳೆಯ ವಿಮರ್ಶೆ ಅನ್ನಿಸಿತು. ಗುರುತು ಬಿಡಬೇಡಿ, ಮುಟ್ಟಬೇಡಿ, ತರಬೇಡಿ ಅನ್ನೋ ಚಾರಣದ ನೀತಿಯನ್ನು ನಾವು ಪರಿಸರದ ಕೊನೆಯ ಮಾತು ಅಂತ ಕಲಿತಿದ್ದೇವೆ. ಅದು ನೆಂಟರಿಗೆ ಹೇಳಿದ ನೀತಿ. ನೆಂಟರ ಮಟ್ಟಿಗೆ ಸರಿಯಾದ ನೀತಿಯೇ. ಪ್ಲಾಸ್ಟಿಕ್ ಬಾಟಲಿ ಹಿಡಿದು ಬರುವ ಮುನ್ನೂರು ಜನಕ್ಕೆ ಬೇರೆ ಏನು ಹೇಳಲು ಆಗುತ್ತೆ? ತೊಂದರೆ ಎಲ್ಲಿ ಅಂದರೆ, ಮನೆಯವರಿಗೂ ಅದೇ ನೀತಿ ಹಾಕಿದಾಗ. ಮನುಷ್ಯ ಕೈ ಹಾಕದೆ ಇದ್ದರೆ ಕಾಡು ತಾನೇ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಎಲ್ಲ ಕಡೆ ನಿಜ ಅಲ್ಲ. ಎರಡು ಕಾಡುಗಳ ಕತೆ ಹೇಳುತ್ತೇನೆ, ಒಂದು ನಮ್ಮ ರಾಜ್ಯದ್ದೇ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಿಗೆ ಕಾಲಿಡುವ ಮೊದಲೇ ಸಣ್ಣದಾಗಿ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ. ನೆಲದ ಮೇಲಿನ ಒಣ ಎಲೆ ಸುಡುವಷ್ಟು, ಮರ ಸುಡದಷ್ಟು. 1974ರಲ್ಲಿ ಅಲ್ಲಿ ವನ್ಯಜೀವಿಧಾಮ ಆಯಿತು, ತರಗು ಬೆಂಕಿ ಅಪರಾಧ ಆಯಿತು. ಆಮೇಲೆ ಏನಾಯಿತು ಅಂತ ಸೋಲಿಗರು ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ, ಸಂಶೋಧಕರೂ ಅವರ ಜೊತೆ ಕೂತು ದಾಖಲಿಸಿದ್ದಾರೆ: ಲಂಟಾನ ಆಳೆತ್ತರ ಬೆಳೆದು ನೆಲ ಮುಚ್ಚಿತು. ನೆಲ್ಲಿ ಮರಗಳ ಮೇಲೆ ಉಪ್ಪಿಲು ಅನ್ನೋ ಬಂದಳಿಕೆ ಹಬ್ಬಿತು. ಕೆಳಗೆ ಲಂಟಾನ ಅಷ್ಟು ಒಣಗಿ ನಿಂತಿರುವಾಗ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಆಗಿರುವುದಿಲ್ಲ, ಮರದ ನೆತ್ತಿಗೆ ಏರುತ್ತೆ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿ ಸೋಲಿಗರ ಸಮುದಾಯದ ಹಕ್ಕುಗಳಿಗೆ ಮಾನ್ಯತೆಯೂ ಸಿಕ್ಕಿತು. ದೊಡ್ಡ ಗೆಲುವು ಅದು. ಆದರೆ ಈ ನಡುವಿನ ವರ್ಷಗಳಲ್ಲಿ ಒಂದು ವಿಚಿತ್ರ ನಡೆದುಹೋಗಿತ್ತು. ಕಾಡು ನೋಡಿಕೊಳ್ಳುತ್ತಿದ್ದವರಿಗೆ ಹೊರಗೆ ಇರಿ ಅಂದಿದ್ದರು, ನೋಡುವವರಿಗೆ ಸಫಾರಿ ಜೀಪು ಬಂದಿತ್ತು.

ಇನ್ನೊಂದು ಲಂಡನ್ ಅಂಚಿನ ಎಪ್ಪಿಂಗ್ ಕಾಡು. ಸುಮಾರು 2,400 ಹೆಕ್ಟೇರ್. ದೊಡ್ಡ ನಗರದ ಜನಕ್ಕೆ ಅಂತಲೇ ಕಾನೂನು ಮಾಡಿ ಉಳಿಸಿಕೊಂಡ ಕಾಡುಗಳಲ್ಲಿ ಹಳೆಯದು, ಹಾಗಾಗಿ ನಮಗೆ ಪಾಠ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಜಮೀನುದಾರರು ಅದನ್ನು ಬೇಲಿ ಹಾಕಿ ನುಂಗುತ್ತಿದ್ದರು. ಎದುರು ನಿಂತವರಲ್ಲಿ ಲೌಟನ್ ಎಂಬ ಹಳ್ಳಿಯ ಬಡವರೂ ಇದ್ದರು. ಚಳಿಗಾಲದಲ್ಲಿ ಮರದ ಕೊಂಬೆ ಸವರಿ ಸೌದೆ ಒಯ್ಯುವ ಹಕ್ಕು ಅವರಿಗೆ ಹಿಂದಿನಿಂದ ಇತ್ತು, ಬೇಲಿ ಬಂದರೆ ಆ ಹಕ್ಕು ಹೋಗುತ್ತಿತ್ತು. ಥಾಮಸ್ ವಿಲಿಂಗೇಲ್ ಅನ್ನೋ ಮುದುಕನ ಮನೆಯವರು ಈ ಸೌದೆಗಾಗಿ ಜೈಲಿಗೂ ಹೋದರು. ಕೊನೆಗೆ 1878ರಲ್ಲಿ ಎಪ್ಪಿಂಗ್ ಕಾಡಿನ ಕಾಯ್ದೆ ಬಂತು. ಕಾಡು ಉಳಿಯಿತು, ಸಾರ್ವಜನಿಕರ ವಿಹಾರಕ್ಕೆ ಅಂತ ಲಂಡನ್ ನಗರಸಭೆಯ ಕೈಗೆ ಬಂತು. ಸೌದೆಯ ಹಕ್ಕು ಮಾತ್ರ ಹೋಯಿತು. ಪರಿಹಾರದ ದುಡ್ಡಲ್ಲಿ ಲೌಟನ್‌ನಲ್ಲಿ ಒಂದು ಸಭಾಭವನ ಕಟ್ಟಿದರು. ಹೆಸರೇ ಲಾಪಿಂಗ್ ಹಾಲ್, ಅಂದರೆ ಕೊಂಬೆ ಸವರುವ ಭವನ! ಇವತ್ತಿಗೂ ಇದೆ.

ಆ ಕಾಯ್ದೆಯಲ್ಲಿ ಒಂದು ಮಾತಿದೆ, ಕಾಡಿನ ಸಹಜ ನೋಟವನ್ನು ಕಾಪಾಡಬೇಕು ಅಂತ. ನೋಟ. ಆದರೆ ಜನ ಮೆಚ್ಚಿಕೊಂಡಿದ್ದ ಆ ಮರಗಳ ಆಕಾರವೇ ಸಹಜ ಅಲ್ಲ. ನೂರಾರು ವರ್ಷ ಆಳೆತ್ತರದಲ್ಲಿ ಕೊಂಬೆ ಸವರಿ ಸವರಿ ಬಂದ ಆಕಾರ ಅದು. ಸವರುವುದು ನಿಂತ ಮೇಲೆ ಮರಗಳ ತಲೆ ಭಾರವಾಗಿ ಬೆಳೆಯಿತು, ಕೊಂಬೆ ಮುರಿದು ಬಿದ್ದವು, ನೆರಳು ದಟ್ಟವಾಗಿ ಕೆಳಗಿನ ಗಿಡ ಹೂವು ಕಮ್ಮಿಯಾದವು. ಈಗ ಅಲ್ಲಿನ ಸಿಬ್ಬಂದಿ ಮತ್ತೆ ಕೊಂಬೆ ಸವರುತ್ತಿದ್ದಾರೆ. ಹಸು ಮೇಯಿಸುವುದನ್ನೂ ತಾವೇ ಮತ್ತೆ ಶುರು ಮಾಡಿದ್ದಾರೆ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ. ಹಿಂದೆ ಬಡವರು ಹಕ್ಕಿನಿಂದ ಮಾಡುತ್ತಿದ್ದ ಕೆಲಸಕ್ಕೆ ಇವತ್ತು ಬಜೆಟ್ ಬೇಕಾಗಿದೆ.

ಇದನ್ನೆಲ್ಲ ಓದಿಕೊಂಡು ದೇವನಹಳ್ಳಿಯ ಆಚೆ ಬದಿಗೆ, ನಲ್ಲೂರು ಹುಣಸೆ ತೋಪಿಗೆ ಹೋದರೆ ಬೇರೆ ರೀತಿ ಕಾಣುತ್ತೆ. 54 ಎಕರೆ, ಸುಮಾರು 300 ಹುಣಸೆ ಮರ, ಕೆಲವಕ್ಕೆ ನಾಲ್ಕು ಶತಮಾನದ ವಯಸ್ಸು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ದೇಶದಲ್ಲೇ ಮೊದಲನೆಯದು! ಏರ್‌ಪೋರ್ಟಿಗೆ ಇಷ್ಟು ಹತ್ತಿರ ಇರುವ ಈ ಜಾಗಕ್ಕೆ ನಮ್ಮ ಆಫೀಸಿನ ಚಾರಣದ ಗುಂಪಿನಿಂದ ಒಬ್ಬರೂ ಹೋಗಿರಲಿಲ್ಲ. ಯಾಕಂದರೆ ಹತ್ತೋಕೆ ಏನೂ ಇಲ್ಲ, ಮೇಲಿಂದ ನೋಡೋಕೆ ಕಣಿವೆ ಇಲ್ಲ. ರೀಲ್ಸಿಗೆ ಒಗ್ಗದ ಕಾಡು.

ನಾನು ಹೋಗಿದ್ದು ಫೆಬ್ರವರಿಯಲ್ಲಿ. ಹುಣಸೆಗೆ ವಯಸ್ಸಾದರೆ ಎಂಥ ಮರ ಆಗುತ್ತೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಕಾಂಡ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತೆ. ಒಳಗೆ ಟೊಳ್ಳು, ಒಬ್ಬರು ನಿಲ್ಲಬಹುದು. ನೆಲಕ್ಕೆ ಬಿದ್ದ ಮರ ಮಲಗಿದಲ್ಲಿಂದಲೇ ಚಿಗುರಿಕೊಂಡು ಮತ್ತೆ ಎದ್ದಿರುತ್ತೆ, ಎಲ್ಲಿ ಹಳೇ ಮರ ಮುಗಿದು ಎಲ್ಲಿ ಹೊಸದು ಶುರು ಅಂತ ಹೇಳೋಕಾಗಲ್ಲ. ನಡುವೆ ಪಾಳು ದೇವಸ್ಥಾನ. ಯಾರೋ ನೆಟ್ಟ ತೋಪು, ಯಾರೋ ಶತಮಾನಗಳ ಕಾಲ ಫಸಲು ತಿಂದ ತೋಪು ಇದು. ಮನುಷ್ಯರ ಕೈ ತಾಗದೆ ಇದ್ದಿದ್ದರೆ ಇಲ್ಲಿ ಏನೂ ಇರುತ್ತಿರಲಿಲ್ಲ. ನೆರಳಿನಲ್ಲಿ ಮೇಕೆ ಬಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ “ಸರ್ವೇ ಮಾಡೋಕೆ ಬಂದ್ಯೇನವ್ವ?”

ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ತೆಗೆದುಕೊಳ್ಳುವ ವಿಚಾರ, ಸಾವಿರ ದಿನ ದಾಟಿದ ಧರಣಿ, 2025ರ ಜುಲೈನಲ್ಲಿ ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟದ್ದು ಎಲ್ಲ ನಿಮಗೆ ಗೊತ್ತಿದೆ. ಈ ಕಡೆ ಪ್ಯಾಂಟು ಶರ್ಟು ಹಾಕಿಕೊಂಡು ಬ್ಯಾಗ್ ಹಿಡಿದು ಬಂದವರು ಯಾಕೆ ಬರುತ್ತಾರೆ ಅನ್ನೋದಕ್ಕೆ ಜನರ ಹತ್ತಿರ ಎರಡೇ ಉತ್ತರ ಇದೆ. ಅಳೆಯೋಕೆ, ಇಲ್ಲ ಕುಡಿಯೋಕೆ.

ಪಾರಂಪರಿಕ ತಾಣ ಅನ್ನುವುದು ಒಳ್ಳೆಯ ಬಿರುದು. ಆದರೆ ಬಿರುದು ಮರದ ಬುಡಕ್ಕೆ ಮಣ್ಣು ಹಾಕುವುದಿಲ್ಲ. ಹರಾಜಿನವನಿಗೆ ಮರದ ಮೇಲೆ ಇದ್ದ ಆಸೆಯ ಜಾಗದಲ್ಲಿ ಈಗ ಯಾರ ಆಸೆ ಇದೆ? ನಾವು ಅಲ್ಲಿ ಮಾಡಬಹುದಾದ್ದು ಬೋರ್ಡು ಓದಿ ಫೋಟೋ ತೆಗೆಯೋದಷ್ಟೇ ಅಂತಾದರೆ, ಆ ತೋಪಿಗೆ ಪ್ರೇಕ್ಷಕರು ಸಿಗುತ್ತಾರೆ, ವಾರಸುದಾರರು ಸಿಗುವುದಿಲ್ಲ.

ನಾವೂ ಗಿಡ ನೆಡುತ್ತೇವಲ್ಲ ಅನ್ನುತ್ತೀರಿ. ಹೌದು, ಅದಕ್ಕೇ ಬರುತ್ತಿದ್ದೆ. ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಪ್ರತಿ ಜೂನ್ 5ರ ಹತ್ತಿರದ ಶನಿವಾರ ಹಸಿರು ಟೀ ಶರ್ಟು ಕೊಟ್ಟು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಗುಂಡಿ ಮೊದಲೇ ತೋಡಿರುತ್ತಿತ್ತು. ಸಸಿ ಇಡೋದು, ಮಣ್ಣು ಎಳೆಯೋದು, ಫೋಟೋ, ಬಿರಿಯಾನಿ. ಮೂರು ವರ್ಷ ಹೋದೆ. ಮೂರು ವರ್ಷವೂ ಒಂದೇ ಜಾಗ, ಎರಡು ಸಲ ಒಂದೇ ಗುಂಡಿ. ಹೋದ ವರ್ಷದ ಸಸಿಗಳು ಎಲ್ಲಿ ಅಂತ ಕೇಳಿದ್ದಕ್ಕೆ, ‘ಮಾರ್ಚಲ್ಲಿ ನೀರಿಲ್ಲ ಮೇಡಂ’ ಅಂತ ಗುಂಡಿ ತೋಡಿದವರು ಹೇಳಿದರು. ಗಿಡಕ್ಕೆ ಯಾರಾದರೂ ಬೇಕಾಗಿದ್ದು ಮಾರ್ಚಿನಲ್ಲಿ. ನಾವು ಬಂದದ್ದು ಮಳೆಗಾಲದಲ್ಲಿ, ಯಾವಾಗ ಮಳೆಯೇ ನೋಡಿಕೊಳ್ಳುತ್ತಿತ್ತೋ ಆಗ. ನೆಡೋದು ಕೂಡ ನೋಡೋದರ ಇನ್ನೊಂದು ರೂಪ ಆಗಬಹುದು ಅಂತ ನನಗೆ ಅಲ್ಲಿ ತಿಳಿಯಿತು.

ಏನನ್ನು ನೆಡುತ್ತೇವೆ ಅನ್ನೋದೂ ಸಣ್ಣ ವಿಷಯ ಅಲ್ಲ. ದೇವನಹಳ್ಳಿಯಿಂದ ಕೋಲಾರದವರೆಗೆ ಈಗಲೂ ಕಾಣುವ ನೀಲಗಿರಿ ಸಾಲುಗಳು ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅನ್ನೋ ಚಂದದ ಹೆಸರಿನಲ್ಲಿ ಹಬ್ಬಿದವು. ಹಿಂದೆ ವಿಶ್ವಬ್ಯಾಂಕಿನ ದುಡ್ಡಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳೂ ಕಾಡು ಅನ್ನಿಸಿಕೊಂಡವು, ಆ ಕಾಡಿನ ಸೊಪ್ಪನ್ನು ಮೇಕೆಯೂ ಮೂಸುತ್ತಿರಲಿಲ್ಲ. ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಸರ್ಕಾರ ಹೇಳಿದ್ದು 2017ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ, 1987ರ ನವೆಂಬರಿನಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಊರಿನ ಗಿಡಗಳನ್ನು ನೆಟ್ಟಿದ್ದರು. ಊರವರ ಸಾಮೂಹಿಕ ಭೂಮಿಯನ್ನು ಪಲ್ಪ್‌ವುಡ್ ಕಂಪನಿಗೆ ಕೊಟ್ಟದ್ದರ ವಿರುದ್ಧ ನಡೆದ ‘ಕಿತ್ತಿಕೋ ಹಚ್ಚಿಕೋ’ ಅದು. ಶಿವರಾಮ ಕಾರಂತರೂ ಆ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು. ಸಸಿ ಕೀಳುವುದೂ ಕಾಡು ನೋಡಿಕೊಳ್ಳುವ ಕೆಲಸ ಆಗಬಹುದು ಅನ್ನೋದು ನಮ್ಮ ಹಸಿರು ಟೀ ಶರ್ಟಿನ ಶನಿವಾರಕ್ಕೆ ಹೊಳೆಯುವ ವಿಚಾರ ಅಲ್ಲ.

ನಗರದವರು ಕಾಡಿಗಾಗಿ ಏನೂ ಮಾಡಿಲ್ಲ ಅಂತಲ್ಲ. 2021ರ ಆರಂಭದಲ್ಲಿ ಕನಕಪುರ ರಸ್ತೆಯ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡೋಕೆ ಹೊರಟಾಗ ಸುತ್ತಲಿನ ನಿವಾಸಿಗಳು ಬೀದಿಗೆ ಬಂದು ನಿಲ್ಲಿಸಿದರು. ಸುಮಾರು 600 ಎಕರೆಯ ಕುರುಚಲು ಕಾಡು ಪಾರ್ಕಾಗುವುದು ತಪ್ಪಿತು. ಆ ಹೋರಾಟಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ. ಬೆಂಚು, ಹಾದಿ, ಆಟದ ಸಾಮಾನು ಇಟ್ಟು ಕಾಡನ್ನು ಸೋಫಾ ಸೆಟ್ ಮಾಡುವ ಯೋಚನೆ ಎಲ್ಲೂ ಬೇಡ. ವಯಸ್ಸಾದವರಿಗೆ ನಡೆಯೋಕೆ ಜಾಗ ಬೇಡವಾ ಅಂತ ಕೇಳಿದವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಬಡಾವಣೆಯ ಪಾರ್ಕು. ನನ್ನ ಅನುಮಾನ ಬೇರೆ. ‘ನಮ್ಮ ಕಾಡು ಮುಟ್ಟಬೇಡಿ’ ಅನ್ನೋದರಲ್ಲಿ ‘ನಮ್ಮ’ ಅನ್ನೋ ಪದಕ್ಕೆ ಬೆಳಗಿನ ಓಟ, ಸೈಕಲ್ಲು ಬಿಟ್ಟರೆ ಇನ್ನೇನು ಅರ್ಥ? ಜೆಸಿಬಿ ಬಂದ ದಿನ ಸಾವಿರ ಜನ ಸೇರುತ್ತಾರೆ. ಬೆಂಕಿ ರೇಖೆ ಮಾಡುವ ಜನವರಿಯಲ್ಲಿ ದಿನಗೂಲಿಯ ಕಾವಲುಗಾರ ಒಬ್ಬನೇ ಇರುತ್ತಾನೆ.

ಬೆಂಕಿ ರೇಖೆ ಅಂದರೆ ಬೇಸಿಗೆಗೆ ಮುಂಚೆ ಕಾಡಿನ ಅಂಚಿನಲ್ಲಿ, ದಾರಿಯ ಬದಿಯಲ್ಲಿ ಪಟ್ಟಿಯಂತೆ ಹುಲ್ಲು ತರಗು ತೆಗೆದುಬಿಡೋದು, ಬೆಂಕಿ ದಾಟದ ಹಾಗೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಸುಟ್ಟಾಗ ಬೆಂಗಳೂರಿನಿಂದಲೂ ಜನ ಹೋಗಿ ಹಸಿ ಕೊಂಬೆ ಹಿಡಿದು ಬಡಿದರು. ಅಂದರೆ ಮನಸ್ಸು ಇದೆ. ಅದನ್ನು ಉರಿಯುವ ಮೊದಲೇ ಬಳಸಿಕೊಳ್ಳೋಕೆ ಒಂದು ಬಾಗಿಲು ಇಲ್ಲ. ಟಿಕೆಟ್ಟಿನ ಪುಟದಲ್ಲಿ ಇನ್ನೊಂದು ಗುಂಡಿ ಇಡಬಾರದಾ ಅಂತ ನನ್ನ ವೃತ್ತಿಯ ಚಾಳಿ ಕೇಳುತ್ತೆ. ಜನವರಿಯಲ್ಲಿ ಎರಡು ಭಾನುವಾರ ಬೆಂಕಿ ರೇಖೆ, ಮಳೆ ಮುಗಿದ ಮೇಲೆ ಲಂಟಾನ ಕೀಳೋದು. ಇಪ್ಪತ್ತು ಜನಕ್ಕೆ ಮಾತ್ರ, ಅದೇ ಇಪ್ಪತ್ತು ಜನ ಅದೇ ಗುಡ್ಡಕ್ಕೆ ಮೂರು ವರ್ಷ ಬರಬೇಕು. ಸರ್ಟಿಫಿಕೇಟ್ ಇಲ್ಲ, ಟೀ ಶರ್ಟೂ ಇಲ್ಲ. ಕೆಲಸ ಹೇಳೋರು ಆ ಕಾವಲುಗಾರನೇ.

ಇದು ಕೂಡ ಇನ್ನೊಂದು ಥರದ ಟೂರಿಸಂ ಆಗಿಬಿಡುತ್ತೆ ಅಂತ ಸ್ನೇಹಿತರೊಬ್ಬರು ಅಂದರು. ಆಗಬಹುದು. ಲಂಟಾನದ ಜೊತೆ ಸೆಲ್ಫಿ ಬರುತ್ತೆ. ಅದಕ್ಕಿಂತ ಗಟ್ಟಿ ಆಕ್ಷೇಪ ಬಂದದ್ದು ನಮ್ಮ ಮನೆಯೊಳಗಿಂದಲೇ. ನಾನು ಗುಂಡುತೋಪಿನ ಬಗ್ಗೆ ಹೊಗಳುತ್ತಾ ಇದ್ದಾಗ ಅತ್ತೆ ಹೇಳಿದರು, “ನಿಮ್ಮ ಮಾವ ಪೂರ್ತಿ ಹೇಳಲ್ಲ. ಕೆಳಗಿನ ಕೇರಿಯೋರು ತೋಪಲ್ಲಿ ಪುಳ್ಳೆ ಆಯ್ಕೊಂಡ್ ಹೋಗ್ಬೋದಾಗಿತ್ತು. ಹರಾಜು ಕೂಗೋಕೆ ನಿಂತ್ಕೊಂಡ್ರೆ ನೋಡ್ಬೇಕಾಗಿತ್ತು ಊರಿನ ಮುಖಾನ.” ಮಾವ ಸುಮ್ಮನಾದರು.

ಇದನ್ನು ಬಿಟ್ಟು ಬರೆದರೆ ನನ್ನ ವಿಮರ್ಶೆ ಸುಳ್ಳಾಗುತ್ತೆ. ಊರು ನೋಡಿಕೊಳ್ಳುತ್ತಿದ್ದ ಕಾಡಿನಲ್ಲಿ ಊರು ಅಂದರೆ ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತಿತ್ತು. ‘ಅರಣ್ಯ ವಿಹಾರ’ ನಿಮ್ಮ ಕೇರಿ ಕೇಳುವುದಿಲ್ಲ. ಟಿಕೆಟ್ಟಿನ ದೊಡ್ಡ ಗುಣ ಅದು, ನಾನು ಅದನ್ನು ಕಡಿಮೆ ಮಾಡಿ ಹೇಳೋಕೆ ತಯಾರಿಲ್ಲ. ನೋಡೋ ಹಕ್ಕು ಎಲ್ಲರಿಗೂ ಸಮವಾಗಿ ಬಂದ ಹಾಗೆ ನೋಡಿಕೊಳ್ಳೋ ಹಕ್ಕೂ ಸಮವಾಗಿ ಬರೋ ವ್ಯವಸ್ಥೆ ಯಾವುದಾದರೂ ಇದೆಯಾ ಅಂತ ಹುಡುಕಿದರೆ, ಆಶ್ಚರ್ಯ ಅಂದರೆ, ಕಾನೂನಿನಲ್ಲಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರಲ್ಲಿ ಬಂದ ನಿಯಮದಲ್ಲಿ ಅದಕ್ಕೆ ಒಬ್ಬ ಅಧ್ಯಕ್ಷ, ಆರು ಸದಸ್ಯರು ಇರಬೇಕಿತ್ತು. ಮೂರನೇ ಒಂದರಷ್ಟಾದರೂ ಹೆಂಗಸರು, ನೂರಕ್ಕೆ ಹದಿನೆಂಟರಷ್ಟಾದರೂ ಪರಿಶಿಷ್ಟ ಜಾತಿ ಪಂಗಡದವರು. ಊರಿನ ಗಿಡ, ಮರ, ಕೆರೆ, ತೋಪು, ನಾಟಿ ತಳಿ ಎಲ್ಲವನ್ನೂ ಜನರನ್ನೇ ಕೇಳಿ ಬರೆದ ಜೀವವೈವಿಧ್ಯ ದಾಖಲೆ ಪುಸ್ತಕವೊಂದು ಇರಬೇಕು.

ಬಹಳ ವರ್ಷ ಇದು ಕಾಗದದಲ್ಲೇ ಇತ್ತು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ದಂಡ ಅಂದ ಮೇಲೆ ದೇಶದ ತುಂಬ ಸಮಿತಿಗಳೂ ಪುಸ್ತಕಗಳೂ ಅವಸರದಲ್ಲಿ ಹುಟ್ಟಿದವು. ಡೆಡ್‌ಲೈನಿಗೆ ಕೆಲಸ ಮಾಡುವ ನಮಗೆ ಅಂಥ ಪುಸ್ತಕ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪಂಚಾಯ್ತಿಯಲ್ಲಿ, ಯಾವುದು ಅಂತ ಬೇಡ, ಆ ಪುಸ್ತಕ ನೋಡಬೇಕು ಅಂತ ಕೇಳಿದೆ. ಹಾಗಂದರೆ ಏನು ಅಂತ ಮೊದಲು ನಾನೇ ವಿವರಿಸಬೇಕಾಯಿತು. ಮೂರನೇ ಸಲ ಹೋದಾಗ ಬೀರುವಿನ ಮೇಲಿಂದ ಸಿಕ್ಕಿತು. ಸ್ಪೈರಲ್ ಬೈಂಡಿಂಗು, ಮುಖಪುಟದಲ್ಲಿ ನವಿಲು. ಗುಂಡುತೋಪಿನ ಪುಟದಲ್ಲಿ ಹುಣಸೆ, ಹೊಂಗೆ, ನೇರಳೆ ಅಂತ ಬರೆದು ಮುಂದೆ ಮರಗಳ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದರು. ಮಾಹಿತಿ ಕೊಟ್ಟವರ ಹೆಸರಿನ ಎದುರು ಒಬ್ಬ ಹಿರಿಯರ ಹೆಸರಿತ್ತು. ಅವರು ತೀರಿಕೊಂಡು ಎರಡು ವರ್ಷ ಆಗಿದೆ ಅಂತ ಬಿಲ್ ಕಲೆಕ್ಟರ್ ಹೇಳಿದರು. “ಮರ ಎಣಿಸೋಕೆ ಯಾರಾದ್ರೂ ಬಂದ್ರೆ ನಾವೇನ್ ಬೇಡ ಅನ್ನಲ್ಲ ಮೇಡಂ” ಅಂತಲೂ ಹೇಳಿದರು.

ನಾನು ತಕ್ಷಣ ಒಪ್ಪಿದೆ. ಆಮೇಲೆ ನಿಯಮ ಓದಿದಾಗ ಅಲ್ಲೊಂದು ಷರತ್ತು ಕಂಡಿತು. ಮರ ಎಣಿಸೋಕೆ ಯಾರು ಬೇಕಾದರೂ ಹೋಗಬಹುದು. ಸಮಿತಿಗೆ ಸದಸ್ಯರಾಗಬೇಕು ಅಂದರೆ ಆ ಪಂಚಾಯ್ತಿಯ ವ್ಯಾಪ್ತಿಯಲ್ಲಿ ವಾಸ ಇರಬೇಕಿತ್ತು, ಹೆಸರು ಅಲ್ಲಿನ ಮತದಾರರ ಪಟ್ಟಿಯಲ್ಲಿ ಇರಬೇಕಿತ್ತು.

ನಮ್ಮ ಅಪಾರ್ಟ್‌ಮೆಂಟು ಇರುವುದು ಗ್ರಾಮ ಪಂಚಾಯ್ತಿಯಲ್ಲೇ. ವಿಳಾಸದಲ್ಲಿ ನಾರ್ತ್ ಬೆಂಗಳೂರು ಅಂತ ಬರೆದುಕೊಳ್ಳುತ್ತೇವೆ. ಅಲ್ಲಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದೆ: ನಮ್ಮಲ್ಲಿ ಎಷ್ಟು ಜನರ ವೋಟು ಇಲ್ಲಿದೆ? ಒಂಬತ್ತು ಜನ ಕೈ ಎತ್ತಿದರು. ಉಳಿದವರದ್ದು ಮೈಸೂರು, ದಾವಣಗೆರೆ, ಬನಶಂಕರಿ, ಕೆಲವರದ್ದು ಕಾನ್ಪುರ. ಅದೇ ವಾರ ಇನ್ಯಾರೋ ಸ್ಕಂದಗಿರಿಗೆ ಯಾರು ಬರ್ತೀರಿ ಅಂತ ಕೇಳಿದ್ದಕ್ಕೆ ನಲವತ್ತೊಂದು ಕೈ ಎದ್ದಿದ್ದವು. ವೋಟು ವರ್ಗಾಯಿಸೋಕೆ ಫಾರಂ 8 ತುಂಬಬೇಕು, ಆನ್‌ಲೈನಿನಲ್ಲೇ ಆಗುತ್ತೆ. ನಾನು ನನ್ನದು ಹಾಕಿದ್ದೇನೆ, ಬಿಎಲ್‌ಓ ಇನ್ನೂ ಮನೆಗೆ ಬಂದಿಲ್ಲ.